ಗುಂಡಾಚಾರ್ರ ಉಪವಾಸ

ಮರುದಿನದ ಪಾರಣೆಗೆಂದು ಹೆಸರುಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಮೊರದ ಒಂದು ಮೂಲೆಗೆ ಕಲ್ಲು, ಇನ್ನೊಂದು ಮೂಲೆಗೆ ಹುಳುಕು ಸರಿಸುತ್ತಿರುವಾಗ ಹಿತ್ತಲಿನಿಂದ ನಮ್ಮವರ ದನಿ ಬಂತು.

"ಗೋದಾ, ಬಾ ಇಲ್ಲೆ. ಇವನ ಭಕ್ತಿ ನೋಡು ಬಾ."

ಆಷಾಢದ ಮೊದಲ ಏಕಾದಶಿ. ಅವರು ಆಗಷ್ಟೇ ಮಠಕ್ಕೆ ಹೋಗಿ ತೋಳಿಗೆ ಕಾಸಿದ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು ಬಂದಿದ್ದರು. ಬಿಸಿ ಇನ್ನೂ ಉರಿಯುತ್ತಿತ್ತೇನೋ, ತೋಳನ್ನು ಮೈಯಿಂದ ದೂರ ಹಿಡಿದುಕೊಂಡೇ ನಿಂತಿದ್ದರು. ಅವರ ಕಾಲಬುಡದಲ್ಲಿ ಸೊಸೆ ನೀರಜಾಳ ಆಮೆ, ಗುಂಡ. ಅದರ ಮುಂದೆ ನಾನು ಬೆಳಿಗ್ಗೆ ಇಟ್ಟ ನೆನೆಸಿದ ಅವಲಕ್ಕಿ ಹಾಗೇ ಒಣಗಿತ್ತು.

"ಮೂಸಿ ಸುದ್ದಾ ನೋಡಿಲ್ಲ. ಇವತ್ತು ಏಕಾದಶಿ ಅಂತ ಇವಗ ಯಾರು ಹೇಳಿದ್ರು? ಕೂರ್ಮಾವತಾರ ಅಂದ್ರ ಸುಮ್ಮನ ಅಲ್ಲ."

ನಾನು ಒಳಗೆ ಹೋಗಿ ಮತ್ತೆ ಮೊರ ಹಿಡಿದೆ. ಬೇಳೆ ಇನ್ನೂ ಅರ್ಧ ಮೊರ ಉಳಿದಿತ್ತು.

ನೀರಜಾ ಕಂಪ್ಲಿಯವಳು. ಆ ವರ್ಷಗಳಲ್ಲಿ ಕಾಲುವೆ ನೀರು ಬಂದು, ಕಬ್ಬು ಬೆಳೆದು, ಹೊಸಪೇಟೆಯಲ್ಲಿ ಒಬ್ಬೊಬ್ಬರ ಮನೆಗೆ ಒಂದೊಂದು ಬರುತ್ತಿತ್ತು. ಒಬ್ಬರಿಗೆ ರೇಡಿಯೊ, ಇನ್ನೊಬ್ಬರಿಗೆ ಸೈಕಲ್ಲು. ನಮ್ಮ ಮನೆಗೆ ಸೊಸೆಯ ಜೊತೆ ಬುಟ್ಟಿಯಲ್ಲಿ ಆಮೆ ಬಂತು. ಹೊಳೆಯದಲ್ಲ, ಗುಡ್ಡದ ಕಡೆಯದು. ಕಪ್ಪು ಬೆನ್ನಿನ ತುಂಬ ಹಳದಿ ಗೆರೆಗಳ ಚುಕ್ಕಿ.

ಆ ಏಕಾದಶಿಗೆ ಕೆಲವು ದಿನ ಮುಂಚೆ ನೀರಜಾ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ಬಸ್ಸಿಗೆ ಹೊತ್ತಾಗಿತ್ತು. ಕುಂಕುಮ ಹಚ್ಚಿಸಿಕೊಂಡು ಅವಳು ಹೇಳಿದ್ದು ಇಷ್ಟೇ: "ಗುಂಡನ್ನ ನೋಡ್ಕೊಳ್ರಿ ಅತ್ತಿ. ಹೆಂಗಿದ್ದಾನ ಅಂತ ನೀವೇ ಬರೀರಿ."

ಮಕ್ಕಳು ದೊಡ್ಡವರಾದ ಮೇಲೆ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಅದುವರೆಗೆ ಯಾರೂ ನನ್ನಿಂದ ಒಂದು ಕಾಗದ ಬಯಸಿರಲಿಲ್ಲ. ನಮ್ಮಿಬ್ಬರ ನಡುವೆ ಜಗಳ ಇರಲಿಲ್ಲ, ಹಾಗಂತ ಮಾತೂ ಇರಲಿಲ್ಲ. "ಊಟ ಆತಾ?" "ಆತ್ರಿ." ಅಲ್ಲಿಗೆ ಮುಗಿಯಿತು. ಅಂಥವಳು ತವರಿನಿಂದ ತಂದ ಒಂದು ಜೀವವನ್ನು ನನ್ನ ಕೈಗಿಟ್ಟು ಹೋಗಿದ್ದಳು. ಅದಕ್ಕೇನಾದರೂ ಆದರೆ, ನಾಳೆ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸುವ ಮುನ್ನ ಅವಳ ಕೈ ಒಂದು ಗಳಿಗೆ ಹಿಂಜರಿಯುತ್ತದೆ. ಆ ಒಂದು ಗಳಿಗೆ ನನಗೆ ಬೇಡವಾಗಿತ್ತು.

ದ್ವಾದಶಿ ದಿನ ಬೆಳಕು ಹರಿಯುವ ಮುಂಚೆ ಮನೆಯವರಿಗೆಲ್ಲ ಪಾರಣೆಯಾಯಿತು. ಗುಂಡನ ಮುಂದೆ ಅನ್ನ, ಹೆಸರುಬೇಳೆ ತೊವ್ವೆ, ಮೇಲೊಂದು ಮಿಳ್ಳೆ ತುಪ್ಪ. ಅದು ಕತ್ತು ಒಳಗೆಳೆದುಕೊಂಡಿತು. ಮರುದಿನ ಗೋಧಿ ಪಾಯಸ. ಅದರ ಮರುದಿನ ಮೊಸರನ್ನ. ಯಾವುದಕ್ಕೂ ಕತ್ತು ಹೊರಗೆ ಬರಲಿಲ್ಲ.

ನಮ್ಮವರ ಹೆಮ್ಮೆಗೆ ಮಿತಿಯಿರಲಿಲ್ಲ. ಗುಂಡ ಹೋಗಿ ಗುಂಡಾಚಾರ್ರಾದರು. ಓಣಿಯ ಹೆಂಗಸರು ನೋಡಲು ಬಂದರು. ಯಾರೋ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿದರು. ಇವರು ಪೂಜೆ ಮುಗಿಸಿ ತೀರ್ಥ ಬಿಟ್ಟು ಒಂದು ತುಳಸೀದಳ ಮುಂದಿಟ್ಟರೆ, ಗುಂಡ ಕತ್ತು ಚಾಚಿ ಗಬಕ್ಕನೆ ತಿಂದುಬಿಟ್ಟಿತು. ಇವರ ಕಣ್ಣಲ್ಲಿ ನೀರು.

"ನೋಡಿದೇನು? ಪ್ರಸಾದ ಬಿಟ್ಟು ಬ್ಯಾರೇದು ಮುಟ್ಟಂಗಿಲ್ಲ."

"ಹಂಗಾರ ಇನ್ನೊಂದೆರಡು ದಳ ಇಡ್ರಿ."

"ತುಳಸಿ ಏನು ಪಲ್ಯ ಅಂತ ತಿಳಕೊಂಡೀ ಏನು?" ಎಂದು ಗದರಿದರು.

ವಾರ ಕಳೆಯಿತು. ಗುಂಡನ ನಡಿಗೆ ನಿಂತಿತು. ಎತ್ತಿದರೆ ಹಗುರ. ಆಗ ಇವರ ಹೆಮ್ಮೆಯೂ ಇಳಿಯಿತು. ಹಾಲು ಹಾಕುವ ಹುಸೇನಮ್ಮ, "ದೃಷ್ಟಿ ಆಗೇತ್ರಿ ಅಮ್ಮಾರೆ, ಊರೆಲ್ಲ ಬಂದು ನೋಡಿದ್ರ ಮತ್ತೇನಾಗತೈತಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ನಾವಿಬ್ಬರೂ ಕೆಮ್ಮಿದೆವು. ಗುಂಡ ಕೆಮ್ಮಲಿಲ್ಲ.

"ಇದು ವಿರಹ" ಎಂದು ನಮ್ಮವರು ತೀರ್ಮಾನಿಸಿದರು. "ಸೊಸಿ ಬಳೀ ಸಪ್ಪಳ ಕೇಳಿ ಉಂಡು ರೂಢಿ ಆಗೇದ. ನಿನ್ನ ಬಳೀ ಸಪ್ಪಳ ಬ್ಯಾರೆ."

"ಅವಳ ಹಳೇ ಬಳಿ ಅದಾವ. ನನ್ನ ಕೈಗೆ ಏರಂಗಿಲ್ಲ."

ಅವರ ಕೈ ಸಣ್ಣದು. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಪೆನ್ನು ಬಿಟ್ಟು ಬೇರೇನೂ ಎತ್ತದ ಕೈ. ನೀರಜಾಳ ಹಸಿರು ಬಳೆ ಸಲೀಸಾಗಿ ಏರಿದವು. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಪಾಯಸದ ಬಟ್ಟಲು ಹಿಡಿದು, ಬಳೆ ಅಲುಗಾಡಿಸುತ್ತ ಸಣ್ಣ ದನಿಯಲ್ಲಿ, "ಗುಂಡಾ, ಉಣಬಾರೋ ನನ್ನಪ್ಪ" ಎಂದು ಕರೆದರು. ಅದೇ ಹೊತ್ತಿಗೆ ಅಂಚೆಯವನು ಹಿತ್ತಲ ಬಾಗಿಲಿಗೆ ಬಂದ. ಇವರ ಕೈಯ ಬಳೆಗಳನ್ನೇ ನೋಡಿದ. ಕಾರ್ಡು ನನ್ನ ಕೈಗೆ ಕೊಟ್ಟು ಹೋದ.

ಕಾರ್ಡು ನೀರಜಾಳದು. "ಗುಂಡ ಉಣ್ಣುತ್ತಾನೆಯೇ? ನೀವು ಬರೆಯಲೇ ಇಲ್ಲ."

"ಕ್ಷೇಮ ಅಂತ ಬರದು ಒಗದುಬಿಡು" ಎಂದರು ಇವರು, ಬಳೆ ತೆಗೆಯುತ್ತ.

"ನಾ ಬರಿಯೋದು ಇದೇ ಮೊದಲನೇ ಕಾಗದ. ಅದರಾಗ ಸುಳ್ಳು ಬರೀಲೇನು?"

ಇನ್‌ಲ್ಯಾಂಡ್ ಲೆಟರಿನಲ್ಲಿ "ಚಿ. ಸೌ. ನೀರಜಾಳಿಗೆ ಅನೇಕ ಆಶೀರ್ವಾದಗಳು" ಎಂದು ಅವಳು ತವರಿಗೆ ಹೊರಟ ವಾರವೇ ಬರೆದಿದ್ದೆ. ಕೆಳಗೆ ಎರಡನೆಯ ಸಾಲು ಹುಟ್ಟಿರಲಿಲ್ಲ. ಅದನ್ನು ಮತ್ತೆ ದೇವರ ಗೂಡಿಗೆ ಸೇರಿಸಿದೆ.

ಮರುದಿನ ಮಧ್ಯಾಹ್ನ ಒಂದು ಜೊಂಪು ತೆಗೆದು ಎದ್ದರೆ ಗುಂಡ ತನ್ನ ಜಾಗದಲ್ಲಿರಲಿಲ್ಲ. ವಾರದಿಂದ ಕದಲದ ಪ್ರಾಣಿ. ಬಾವಿಕಟ್ಟೆ ನೋಡಿದೆ, ಖಾಲಿ ಬಿದ್ದ ಹಳೇ ಕೊಟ್ಟಿಗೆ ನೋಡಿದೆ. ಬಚ್ಚಲಮನೆಯ ಸೌದೆ ರಾಶಿಯ ಹಿಂದಿನಿಂದ ಕರುಂ ಕರುಂ ಸಪ್ಪಳ ಬರುತ್ತಿತ್ತು.

ಬಗ್ಗಿ ನೋಡಿದೆ. ನಮ್ಮವರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕೈಯಲ್ಲಿ ಎಳೇ ಸೌತೆಕಾಯಿ. ಅವರ ಕಾಲಬುಡದಲ್ಲಿ ಗುಂಡ ಅದರ ಮುರಿದಿಟ್ಟ ಇನ್ನೊಂದು ತುದಿಯನ್ನು ಎರಡೂ ಮುಂಗಾಲಲ್ಲಿ ಒತ್ತಿ ಹಿಡಿದು ಹರಿದು ಹರಿದು ತಿನ್ನುತ್ತಿತ್ತು. ಬಾಯಿಂದ ಸೌತೆಯ ನೀರು ಸುರಿಯುತ್ತಿತ್ತು, ಇಬ್ಬರಿಗೂ.

ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಲ್ಲಿ ಶಾಕವ್ರತ. ಕಾಯಿಪಲ್ಲೆ, ಸೊಪ್ಪು, ಹಣ್ಣು ಒಂದೂ ಹೊಸಿಲು ದಾಟುವಂತಿಲ್ಲ. ಮನೆಯಲ್ಲಿ ಆ ಕಟ್ಟುಪಾಡು ಮಾಡಿದವರು ಇವರೇ.

"ಇದು... ಅದಕ್ಕಂತ ತಂದೆ" ಎಂದರು.

"ಉಪ್ಪು ಖಾರ ಹಚ್ಚಿಸಿಕೊಂಡು ಬಂದದ್ದೂ ಅದಕ್ಕೇನ್ರಿ?"

ಅವರು ಸೌತೆಕಾಯಿ ನೋಡಿದರು, ಆಮೆ ನೋಡಿದರು. "ಬಸ್ ಸ್ಟ್ಯಾಂಡಿನಾಗ ಮಾರಾವ ಹಂಗ ಸೀಳಿ ಹಚ್ಚೇ ಕೊಡತಾನ. ಖಾರ ಹತ್ತದ ತುದಿ ಇವಗ ಕೊಟ್ಟೀನಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಗುಂಡನ ದವಡೆ ಆಡುವುದನ್ನೇ ನೋಡುತ್ತಿದ್ದೆ. ನೀರಜಾ ಒರಳಿನ ಪಕ್ಕ ಸೊಪ್ಪು ಸೋಸುತ್ತ ಕೂರುತ್ತಿದ್ದಳು. ದಂಟು ಬೀಳುತ್ತಿತ್ತು, ಹೀರೇಕಾಯಿ ಸಿಪ್ಪೆ ಬೀಳುತ್ತಿತ್ತು; ಗುಂಡ ಹಿಂದೆ ಹಿಂದೆ ಬರುತ್ತಿತ್ತು. ಅದಕ್ಕೆಂದು ಯಾರೂ ತಟ್ಟೆ ಇಟ್ಟದ್ದೇ ಇಲ್ಲ. ಏಕಾದಶಿಯ ಹಿಂದಿನ ದಿನ ನಾನು ಮನೆಯಲ್ಲಿದ್ದ ಕಾಯಿಪಲ್ಲೆಯನ್ನೆಲ್ಲ ಹುಸೇನಮ್ಮನಿಗೆ ಕೊಟ್ಟು, ಬುಟ್ಟಿ ತೊಳೆದು ಗೂಟಕ್ಕೆ ಬೋರಲು ಹಾಕಿದ್ದೆ. ಹಿತ್ತಲೆಲ್ಲ ಕಡಪಾ ಕಲ್ಲು. ಒಂದು ಗರಿಕೆಗೂ ಜಾಗವಿಲ್ಲ. ಬಿಟ್ಟವರು ನಾವು, ಉಪವಾಸ ಬಿದ್ದದ್ದು ಅದು.

"ಇನ್ನೊಂದು ಸೌತಿಕಾಯಿ ಅದ ಏನ್ರಿ?" ಎಂದೆ.

ಅವರು ಪಂಚೆಯ ಮಡಿಲಿನಿಂದ ತೆಗೆದರು. ಅದಕ್ಕೆ ಉಪ್ಪು ಖಾರ ಹಚ್ಚಿರಲಿಲ್ಲ, ಸಂಜೆಗೆ ಇಟ್ಟುಕೊಂಡದ್ದಂತೆ. ಗುಂಡ ಅದನ್ನೂ ಮುಗಿಸಿತು.

ಆಮೇಲೆ ನಮ್ಮವರು ಚುರುಕಾದರು. "ಪ್ರಾಣಿಗೆ ವ್ರತ ಇಲ್ಲ, ಗೋದಾ. ಶಾಸ್ತ್ರದಾಗ ಎಲ್ಲೂ ಹೇಳಿಲ್ಲ."

"ಆಚಾರ್ರು ಅಂದವರು ಯಾರು?"

"ಅದು ಪ್ರೀತಿಗೆ ಅಂದದ್ದು."

ಹಾಗಾದರೂ ಸೊಪ್ಪು ಒಳಗೆ ಬರುವಂತಿಲ್ಲ. ಹೀಗಾಗಿ ಗುಂಡನೇ ಹೊರಗೆ ಹೋಯಿತು. ಹಿತ್ತಲ ಬಾಗಿಲಿನ ಆಚೆ ಕಟ್ಟೆಯ ಮೇಲೆ ದಿನಾ ಹುಸೇನಮ್ಮ ಒಂದು ಹಿಡಿ ರಾಜಗಿರಿ ಸೊಪ್ಪು ಹಾಕುವಳು, ಗುಂಡ ತಿನ್ನುವುದು, ನಮ್ಮವರು ನಾಯಿ ಬಾರದಂತೆ ಕಾಯುವರು.

"ಅಯ್ನೋರು ಸೊಪ್ಪು ನೋಡೋ ನೋಟ ನೋಡಿದ್ರ, ಅವರಿಗೂ ಒಂದು ಹಿಡಿ ತರಬೇಕಾಗೈತ್ರಿ ಅಮ್ಮಾರೆ" ಎಂದಳು ಹುಸೇನಮ್ಮ.

"ಸುಮ್ಮನಿರಲೇ" ಎಂದರು ಇವರು. ಆದರೆ ಜಾಗ ಬಿಟ್ಟು ಏಳಲಿಲ್ಲ.

ಗುಂಡ ಮತ್ತೆ ಓಡಾಡತೊಡಗಿದ ದಿನ ಕಾಗದ ತೆಗೆದೆ. ಇವರು ಎದುರಿಗೆ ಬಂದು ಕೂತರು.

"ಸೌತಿಕಾಯಿ ಸುದ್ದಿ ಬರೀಬ್ಯಾಡ. ಬೀಗರ ಮನಿ ಅದು. ನಾಕು ಮಂದಿ ಓದತಾರ."

ನಾನು ಯೋಚಿಸಿ ಯೋಚಿಸಿ ಬರೆದೆ. ಗುಂಡ ಕೆಲವು ದಿನ ಉಣ್ಣಲಿಲ್ಲ. ನಮಗೆ ತಿಳಿಯದೆ ಸೊಪ್ಪುಸಿಪ್ಪೆ ನಿಲ್ಲಿಸಿದ್ದೇ ಕಾರಣ. ಈಗ ಚೆನ್ನಾಗಿ ತಿನ್ನುತ್ತಾನೆ. ಅವನಿಗೆ ಏನು ಬೇಕೆಂದು ಕಂಡುಹಿಡಿದವರು ನಿನ್ನ ಮಾವನವರು. ಇವರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಗೆ ಇನ್ನೂ ಜಾಗ ಉಳಿದಿತ್ತು. ಬರೆದೆ: "ಅವನಿಗೆ ಇನ್ನೂ ಏನೇನು ಇಷ್ಟ, ಬರೆದು ಕಳಿಸು. ನಿನಗೆ ಏನು ತಿನ್ನುವ ಬಯಕೆ ಇದೆ ಅದನ್ನೂ ಬರಿ. ನಾನು ಒಂದು ದಿನವೂ ಕೇಳಲಿಲ್ಲ."

"ಕೊಡು, ನಾ ಹಾಕಿ ಬರತೀನಿ" ಎಂದರು. ಅಂಚೆ ಡಬ್ಬಿಯಿರುವುದು ಬಸ್ ಸ್ಟ್ಯಾಂಡಿನ ಹತ್ತಿರ. ಬೇಡ ಎಂದೆ. ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ ನಾನೇ ಹೋದೆ. ಡಬ್ಬಿಯ ಬಾಯಿ ನನ್ನ ಎತ್ತರಕ್ಕೆ ತುಸು ಮೇಲಿತ್ತು. ಹಿಮ್ಮಡಿ ಎತ್ತಿ ನಿಂತು ಕಾಗದವನ್ನು ಒಳಗೆ ಬಿಟ್ಟೆ, ಬಿದ್ದ ಸಪ್ಪಳ ಕೇಳಿಸಿಕೊಂಡೆ.