ಕೆಂಪು ಸುತ್ತಿನ ಲೆಕ್ಕಗಳು

ನಾಳೆ ಎಂಬಿಎ ಪ್ರವೇಶ ಪರೀಕ್ಷೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುವ ನನಗೆ ಅತ್ತಿಗೆಯ ಹಳೇ ಪುಸ್ತಕವೇ ಗತಿ. ದಿಂಬಿನಷ್ಟು ದಪ್ಪದ ಅದನ್ನು ಪೂರ್ತಿ ಓದಲು ಪುರುಸೊತ್ತೆಲ್ಲಿ? ಅವರು ಕೆಂಪು ಸುತ್ತು ಹಾಕಿದ್ದ ಲೆಕ್ಕಗಳೇ ಮುಖ್ಯವೆಂದು ಮೂರು ತಿಂಗಳು ಅವನ್ನೇ ಅರೆದು ಕುಡಿದಿದ್ದೆ.

ಮಧ್ಯಾಹ್ನ ಒಂದೇ ಒಂದು ಲೆಕ್ಕ ತಲೆಗೆ ಹತ್ತದೆ ಕ್ಲಿನಿಕ್ಕಿನಿಂದಲೇ ಫೋನ್ ಮಾಡಿದೆ.

“ಅತ್ತಿಗೆ, ಇನ್ನೂರ ಹತ್ತನೇ ಪುಟದಲ್ಲಿ ಸುತ್ತು ಹಾಕಿದೀರಲ್ಲ, ಅದನ್ನ ಹೇಗೆ ಮಾಡೋದು?”

“ಅದನ್ಯಾಕೆ ಮಾಡ್ತೀಯೇ? ಪರೀಕ್ಷೆಯಿಂದ ತೆಗೆದುಹಾಕಿರೋದಕ್ಕೆಲ್ಲ ಸುತ್ತು ಹಾಕಿದೀನಿ, ಓದೋದು ಬೇಡ ಅಂತ!”

“ಮೊದ್ಲೇ ಹೇಳ್ಬಾರ್ದಾ?”

“ನೀನು ಕೇಳ್ಲೇ ಇಲ್ವಲ್ಲ!”

ಕೆನ್ನೆಗೆ ಕೈ ಕೊಟ್ಟು ಕೂತೆ. ದವಡೆ ಊದಿಸಿಕೊಂಡು ಸರದಿಯಲ್ಲಿ ಮೊದಲು ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದವರು ಎದ್ದು ಬಂದರು.

“ನಾನು ತಡ್ಕೋತೀನಿ. ಮೊದ್ಲು ನೀನು ಒಳಗೆ ಹೋಗಮ್ಮ.”