ಓದಲು ಬಾರದವರಿಗೆ ಮಾತ್ರ

ಕೊಣನೂರಿನ ಲೈಬ್ರರಿಯಲ್ಲಿ ರೂಪಶ್ರೀಗೆ ಬೇಕಾದ ಪುಸ್ತಕಗಳೆಲ್ಲ ಇದ್ದವು, ಅವನ್ನು ಓದುವ ಹಾಗೆ ಮಾತ್ರ ಇರಲಿಲ್ಲ. ಎರಡು ಸಾವಿರದ ಒಂದರ ದಸರಾ ಹೊತ್ತಿಗೆ ಹಾಸನದಿಂದ ಒಂದು ದೊಡ್ಡ ಪೆಟ್ಟಿಗೆ ಬಂದಿತ್ತು. ಕಣ್ಣೆದುರೇ ಅಕ್ಷರ ಕಲಸಿಹೋಗುವ, ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆಂದೇ ಮಾಡಿದ ಸಾಮಾನು: ಬೆರಳಿಟ್ಟು ತಿದ್ದಲು ಉಪ್ಪುಕಾಗದದ ಅಕ್ಷರಗಳು, ಪುಟಕ್ಕೊಂದೇ ಸಾಲಿನ ಪುಸ್ತಕಗಳು, ಪುಟದ ಮೇಲೆ ಹಾಸುವ ಬಣ್ಣದ ಪಾರದರ್ಶಕ ತೆಳುಹಾಳೆಗಳು, ಪುಸ್ತಕ ಓದಿ ಹೇಳುವ ಕ್ಯಾಸೆಟ್ಟುಗಳು. ಲೈಬ್ರರಿಯನ್ ಲಕ್ಷ್ಮೀನರಸಿಂಹ ಹೊಳೆನರಸೀಪುರದ ಅರ್ಚಕರ ಮನೆತನದವರು. ದಸರಾಕ್ಕೆ ಬಂದ ಹೊಸ ಪುಸ್ತಕವನ್ನು ಸರಸ್ವತಿ ಪೂಜೆಗೆ ಇಡದೆ ಬಿಟ್ಟಾರೆಯೇ? ಮಕ್ಕಳ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ, ಮುಂದೆ ಕಲಶ ಇಟ್ಟು, ಅರಿಶಿನ ಕುಂಕುಮ ಏರಿಸಿ ಕೈಮುಗಿದರು. ಹಾಗೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯಂದು ಕಲಶವನ್ನು ಉತ್ತರಕ್ಕೆ ಸರಿಸಿ ಕದಲಿಸುವವರೆಗೆ ಯಾರೂ ಓದಬಾರದು.

ವಿಜಯದಶಮಿಯ ಬೆಳಗ್ಗೆಯೇ ಚನ್ನರಾಯಪಟ್ಟಣದ ಅವರ ದಾಯಾದಿಯೊಬ್ಬರ ಮನೆಯಲ್ಲಿ ಮಗು ಹುಟ್ಟಬೇಕೇ? ಪುರುಡಿನ ಮೈಲಿಗೆ. ಹತ್ತು ದಿನ ಕಲಶ ಮುಟ್ಟುವಂತಿಲ್ಲ. ಮೈಲಿಗೆ ಕಳೆಯುವಷ್ಟರಲ್ಲಿ ದಶಮಿಯೂ ಕಳೆದುಹೋಗಿತ್ತು. ಸಂಕಲ್ಪ ಮಾಡಿದವರೇ ಕದಲಿಸಬೇಕು, ದಶಮಿಯಂದೇ ಕದಲಿಸಬೇಕು, ಆದ್ದರಿಂದ ಮುಂದಿನ ವರ್ಷದ ದಶಮಿಯೇ ಗತಿ ಎಂದು ಲಕ್ಷ್ಮೀನರಸಿಂಹ ತೀರ್ಮಾನಿಸಿಬಿಟ್ಟರು. ಸರಸ್ವತಿ ಅಲ್ಲೇ ಉಳಿದಳು. ಕಲಶದ ತೆಂಗಿನಕಾಯಿ ಕಾದು ಕಾದು ಬೇಸತ್ತು ಮೊಳಕೆ ಒಡೆಯಿತು.

ಇತ್ತ ರೂಪಶ್ರೀಗೆ ಒಂಬತ್ತು ನಡೆಯುತ್ತಿತ್ತು. ಮಗ್ಗಿ ಕೇಳಿದರೆ ಗಡಗಡನೆ ಒಪ್ಪಿಸುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಒಂದಕ್ಷರದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿತ್ತು. ಅಪ್ಪ ಪುಟ್ಟರಾಜು ತನ್ನ ಅವ್ವನೆದುರು ಕಡ್ಡಿ ಮುರಿದ ಹಾಗೆ ಹೇಳಿದ್ದ: "ಯುಗಾದಿ ಗಂಟ ನೋಡ್ತೀನಿ ಕಣವ್ವ. ಓದಕ್ಕೆ ಬರ್ನಿಲ್ಲ ಅಂದ್ರೆ ಸ್ಕೂಲ್ ಬುಡ್ಸಿ ಒಗೆಸೊಪ್ಪು ಪೋಣ್ಸಕ್ಕೆ ಕುಂಡ್ರಿಸ್ತೀನಿ."

ಆ ಅವ್ವ, ಅಂದರೆ ಚಿಕ್ಕಮ್ಮನೆಂಬ ಹೆಸರಿನ ರೂಪಶ್ರೀಯ ಅಜ್ಜಿ, ಶಾಲೆಯ ಮೇಷ್ಟರಿಂದ ಪೆಟ್ಟಿಗೆಯ ವಿಷಯ ತಿಳಿದು ಮೊಮ್ಮಗಳನ್ನು ದರದರನೆ ಲೈಬ್ರರಿಗೆ ಎಳೆತಂದಳು.

"ಅದೆಲ್ಲ ಪೂಜೇಲಿದೆಯಮ್ಮ. ಓದೋ ಹಾಗಿಲ್ಲ," ಎಂದರು ಲಕ್ಷ್ಮೀನರಸಿಂಹ.

"ಇವ್ಳಿಗೆ ಓದಕ್ಕೇ ಬರಕಿಲ್ವಲ್ಲ ಸಾ. ಇವ್ಳು ಮುಟ್ಟುದ್ರೆ ಯಾವ ತಪ್ಪು?"

ಲಕ್ಷ್ಮೀನರಸಿಂಹ ತಮಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ತಡಕಾಡಿದರು. ಓದಬಾರದೆಂದು ಇತ್ತು, ಓದಲು ಬಾರದವರು ಏನು ಮಾಡಬಾರದೆಂದು ಎಲ್ಲೂ ಇರಲಿಲ್ಲ. ಪರೀಕ್ಷೆಗೆಂದು ದಿನಪತ್ರಿಕೆ ಹಿಡಿದರು. ರೂಪಶ್ರೀ ಕಣ್ಣು ಕಿರಿದು ಮಾಡಿ, ಬೆವತು, ಒಂದು ಪದವೂ ಹೊರಡದೆ ನಿಂತಳು. "ಭೇಷ್," ಎಂದರು. ಓದಲಾಗದ್ದಕ್ಕೆ ಬೈಸಿಕೊಂಡೇ ಬೆಳೆದ ಹುಡುಗಿಗೆ ಕಿವಿಯನ್ನೇ ನಂಬಲಾಗಲಿಲ್ಲ.

ಹೀಗೆ ಕರಾರಾಯಿತು. ಶನಿವಾರ ಬಂದು ಮೊದಲು ಓದಲು ಬರುವುದಿಲ್ಲವೆಂದು ತೋರಿಸಬೇಕು, ಆಮೇಲೆ ಕಲಶದ ಪಕ್ಕದಲ್ಲೇ ಕೂತು ಏನು ಬೇಕಾದರೂ ಮುಟ್ಟಬಹುದು. ಕ್ಯಾಸೆಟ್ ಕೇಳಬಹುದು, ಕಿವಿಗೆ ನಿಷೇಧವಿಲ್ಲ. ತಮ್ಮ ಕಣ್ಣು ಎಲ್ಲಿ ಪುಟದ ಮೇಲೆ ಬಿದ್ದೀತೋ ಎಂದು ಲಕ್ಷ್ಮೀನರಸಿಂಹ ಮಾತ್ರ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು.

ಉಪ್ಪುಕಾಗದವನ್ನು ಸವರಿ ಸವರಿ ಅಕ್ಷರ ಮೊದಲು ಬೆರಳಿಗೆ ಬಂತು, ಆಮೇಲೆ ಕಣ್ಣಿಗೆ. ನೀಲಿ ಹಾಳೆ ಹಾಸಿದರೆ ಸಾಲು ತಂಟೆ ಮಾಡದೆ ನಿಲ್ಲುತ್ತಿತ್ತು. ಶಿವರಾತ್ರಿ ಕಳೆದ ಮೇಲೊಂದು ಶನಿವಾರ, ಕ್ಯಾಸೆಟ್ ಹಾಕುವ ಮೊದಲೇ ಪುಟದಲ್ಲಿದ್ದ ಪದ ಇಲಿ ಎಂದು ಅವಳಿಗೆ ತಿಳಿದುಹೋಯಿತು. ತಟ್ಟನೆ ಪುಸ್ತಕ ಮುಚ್ಚಿದಳು. ಓದಲು ಬಂತೆಂದು ಗೊತ್ತಾದರೆ ಪೆಟ್ಟಿಗೆ ಕೈತಪ್ಪುತ್ತದೆ, ಇನ್ನೂ ಅರ್ಧಕ್ಕರ್ಧ ಪುಸ್ತಕ ಬಾಕಿ ಇತ್ತು.

ಅಂದಿನಿಂದ ಓದಲು ಬಾರದವಳಂತೆ ನಟಿಸುವ ಕಷ್ಟ ಶುರುವಾಯಿತು. ಒಮ್ಮೆ ಬಂದಮೇಲೆ ಕಣ್ಣು ಹೇಳಿದ ಮಾತು ಕೇಳುವುದಿಲ್ಲ, ಕಂಡದ್ದನ್ನೆಲ್ಲ ಓದಿಬಿಡುತ್ತದೆ. ಒಂದು ಶನಿವಾರ ಪತ್ರಿಕೆಯ ನಗೆಹನಿ ಓದಿ ಕಿಸಕ್ಕೆಂದಳು. "ಯಾಕೆ ನಕ್ಕೆ?" ಎಂದು ಲಕ್ಷ್ಮೀನರಸಿಂಹ ಗುಮಾನಿಯಿಂದ ಕೇಳಿದರು. "ಸುಮ್ಕೆ ಸಾ," ಎಂದಳು.

ಯುಗಾದಿ ಹಿಂದಿನ ಶನಿವಾರ ಪುಟ್ಟರಾಜುವೇ ಲೈಬ್ರರಿಗೆ ಬಂದ.

"ಚಳಿಗಾಲದಿಂದ ಬತ್ತಾವ್ಳೆ ಸಾ. ಓದಕ್ಕೆ ಬಂತಾ?"

"ದೇವರ ದಯದಿಂದ ಇನ್ನೂ ಒಂದಕ್ಷರ ಬಂದಿಲ್ಲ," ಎಂದರು ಲಕ್ಷ್ಮೀನರಸಿಂಹ, ಹೆಮ್ಮೆಯಿಂದ.

ಪುಟ್ಟರಾಜುವಿನ ಮುಖ ಕಪ್ಪಿಟ್ಟಿತು. "ಸಾಕು ನಡಿ ಮಗ. ಅಬ್ಬ ಕಳುದ್ಮೇಲೆ ಸ್ಕೂಲಿಲ್ಲ."

ಓದಿದರೆ ಪೆಟ್ಟಿಗೆ ಹೋಗುತ್ತದೆ, ಓದದಿದ್ದರೆ ಶಾಲೆಯೇ ಹೋಗುತ್ತದೆ. ರೂಪಶ್ರೀ ಗಬಕ್ಕನೆ ಪುಸ್ತಕ ತೆರೆದು ನೀಲಿ ಹಾಳೆ ಹಾಸಿದಳು. "ಇಲಿ ಮೆಲ್ಲಗೆ ಬಿಲದಿಂದ ಹೊರಗೆ ಬಂತು," ಎಂದು ಬೆರಳಿಟ್ಟು ಓದಿದಳು. ಲಕ್ಷ್ಮೀನರಸಿಂಹ ಬಿಳಿಚಿಕೊಂಡು ಗೋಡೆಯ ಕಡೆ ತಿರುಗಿದರು.

"ಉರು ಒಡ್ದಿರ್ತಾಳೆ," ಎಂದು ಪುಟ್ಟರಾಜು ಪುಟ ಮಗುಚಿದ.

"ಹೊರಗೆ ಬೆಕ್ಕು ಕೂತಿತ್ತು."

ಪುಟ್ಟರಾಜು ಆ ಸಾಲನ್ನು ನೋಡಿದ, ಮಗಳನ್ನು ನೋಡಿದ. ಅವನಿಗೆ ರುಜು ಹಾಕುವುದು ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. "ಇಲ್ಲಿ ಅಂಗೇ ಬರ್ದದಾ ಸಾ? ವಸಿ ನೋಡಿ ಏಳಿ."

"ನಾನು ನೋಡೋ ಹಾಗಿಲ್ಲಪ್ಪ. ಪೂಜೇಲಿದೆ," ಎಂದರು ಲಕ್ಷ್ಮೀನರಸಿಂಹ, ಗೋಡೆಗೆ.

"ಅಂಗಾರೆ ಕಟ್ಟಿ ಏಳ್ತಾವ್ಳೆ. ನಡಿ."

ಲೈಬ್ರರಿಯನ್ನರ ಆ ಶರಟಿನ ಬೆನ್ನನ್ನು ರೂಪಶ್ರೀ ದ್ವೇಷಿಸಿದಷ್ಟು ಇನ್ಯಾವುದನ್ನೂ ದ್ವೇಷಿಸಿರಲಿಲ್ಲ. ಅಪ್ಪ ರೆಟ್ಟೆ ಹಿಡಿದ. "ಒಂದ್ಸಲ ನೋಡಿ ಸಾ," ಎಂದಳು.

ಬೆನ್ನು ಅಲುಗಲಿಲ್ಲ. ಆಮೇಲೆ ಅಲುಗಿತು. ಲಕ್ಷ್ಮೀನರಸಿಂಹ ಎದ್ದು ಬಂದು, ಕಲಶಕ್ಕೆ ಕೈಮುಗಿದು, ಕನ್ನಡಕ ಏರಿಸಿ ಪುಟಕ್ಕೆ ಬಗ್ಗಿದರು.

"ಹೊರಗೆ ಬೆಕ್ಕು ಕೂತಿತ್ತು," ಎಂದು ಓದಿದರು. "ಸರಿಯಾಗೇ ಓದಿದ್ದಾಳೆ."

ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಅದರ ಗಾಳಿಗೆ ತೆಂಗಿನ ಮೊಳಕೆ ತೂಗುತ್ತಿತ್ತು. ಲಕ್ಷ್ಮೀನರಸಿಂಹ ಕಲಶವನ್ನು ಉತ್ತರಕ್ಕೆ ಒಂದಿಷ್ಟು ಸರಿಸಿದರು. "ಇವತ್ತೇ ದಶಮಿ ಅಂದ್ಕೊಳ್ಳಿ. ಇನ್ನು ಯಾರು ಬೇಕಾದ್ರೂ ಓದಬಹುದು."

ರೂಪಶ್ರೀಗೆ ಬಿಕ್ಕಿ ಬಿಕ್ಕಿ ಅಳು ಬಂತು. ಪುಟ್ಟರಾಜು ರೆಟ್ಟೆ ಬಿಟ್ಟ. ಹೊರಡುವವನಂತೆ ಬಾಗಿಲ ತನಕ ಹೋದವನು ವಾಪಸು ಬಂದು ಮಕ್ಕಳ ಕುರ್ಚಿಯ ಮೇಲೆ ಮುದುರಿಕೊಂಡು ಕೂತ.

"ಬೆಕ್ ಕೂತಿತ್ತು ಅಂದ್ಯಲ್ಲ ಮಗ," ಎಂದ. "ಆ ಇಲಿ ಏನಾಯ್ತು?"

ರೂಪಶ್ರೀ ಲಂಗದ ತುದಿಯಲ್ಲಿ ಮೂಗು ಒರೆಸಿಕೊಂಡು ಪುಟ ತಿರುಗಿಸಿದಳು.