ಇಟ್ಟೊಳ ಹನ್ನೆರಡು ಗಂಟೆ

ರಾಜಧಾನಿ ರಬಾತ್‌ನಿಂದ ಬಂದ ಇಂಜಿನಿಯರ್ ಮುನೀರ್ ಶೀತಲಗೃಹದ ಕಚೇರಿಯಲ್ಲಿ ಪಟ್ಟಿ ಹರಡಿಕೊಂಡು ಕೂತಿದ್ದ. ಮಿದೆಲ್ತ್‌ನ ಸೇಬು ಬೆಳೆಗಾರರ ಸಂಘದಲ್ಲಿದ್ದ ಯಂತ್ರಗಳೆಲ್ಲ ಅದರಲ್ಲಿದ್ದವು. ಇಷ್ಟು ವರ್ಷ ಸಂಘದ ವೈಫೈಗೆ ಇದ್ದದ್ದು ಹೆಸರಿಗಷ್ಟೇ ಬೀಗ. ಎದುರಿನ ಕೆಫೆಯವರು ಅದನ್ನು ಮುರಿದು ಒಳನುಗ್ಗಿ ಆರಾಮಾಗಿ ಫುಟ್‌ಬಾಲ್ ನೋಡುತ್ತಿದ್ದರು. ಈಗ ಗಟ್ಟಿ ಬೀಗ ಬಂದಿತ್ತು. ಪ್ರತಿ ಯಂತ್ರಕ್ಕೂ ಅದರದೇ ಹೆಸರಿನ ಒಂದು ಪ್ರಮಾಣಪತ್ರ. ಅದನ್ನು ತೋರಿಸದವರಿಗೆ ಬಾಗಿಲು ತೆರೆಯುವುದಿಲ್ಲ.

"ಲಲ್ಲಾ ಇಟ್ಟೊ, ಇದೊಂದನ್ನ ಬಿಟ್ಬಿಡಿ," ಎಂದು ಮುನೀರ್, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ, ಶೀತಲ ಕೋಣೆಗಳನ್ನು ಕಾಯುವ ಇಟ್ಟೊಳ ಕೈಯಲ್ಲಿದ್ದ ಹಳೇ ಯಂತ್ರದತ್ತ ಪೆನ್ನು ತೋರಿಸಿದ. "ಹೊಸ ಬೀಗ ಅಂದ್ರೇನು ಅಂತಾನೇ ಇದಕ್ಕೆ ಗೊತ್ತಿಲ್ಲ. ಮಾಡಿದ ಕಂಪನಿಯವ್ರೇ ಕೈಬಿಟ್ಟು ಹತ್ತು ವರ್ಷ ಆಯ್ತು. ನಿಮಗೊಂದು ಹೊಸ ಫೋನ್ ಕೊಡಿಸ್ತೀವಿ."

"ಅವ್ರು ಕೈಬಿಟ್ರು ಅಂತ ನಾನೂ ಬಿಡ್ಬೇಕಾ?"

ಅಂಗೈಯಗಲದ ಯಂತ್ರ ಅದು. ಪರದೆ ಸರಿಸಿದರೆ ಕೆಳಗೆ ಪುಟ್ಟ ಕೀಲಿಮಣೆ. ಅದರಲ್ಲಿ ಸವೆದುಹೋದ ಅಕ್ಷರಗಳನ್ನು ಇಟ್ಟೊ ಉಗುರುಬಣ್ಣದಿಂದ ಮತ್ತೆ ಬರೆದುಕೊಂಡಿದ್ದಳು. ಹದಿನಾಲ್ಕು ವರ್ಷದ ಹಿಂದೆ ಮೂರನೇ ಕೋಣೆಯ ಸೇಬೆಲ್ಲ ಕೊಳೆತು ನಾರಿದಾಗ, ಕಾವಲಿನವನು ಕೋಣೆಗೆ ಕಾಲೇ ಇಡದೆ ಪುಸ್ತಕದಲ್ಲಿ ಉಷ್ಣತೆ ಗೀಚುತ್ತಿದ್ದ ಎಂದು ಗೊತ್ತಾಯಿತು. ಕೋಣೆ ಕಾಯುವ ಕೆಲಸ ಇಟ್ಟೊಳ ಪಾಲಿಗೆ ಬಂತು. ಅವಳು ಮೆಕ್ನೆಸ್‌ನ ಹಳೇ ಸಾಮಾನಿನ ಸಂತೆಯಲ್ಲಿ ಇದನ್ನು ಕೊಂಡು, ಒಳಗಿನ ಲಿನಕ್ಸ್ ತಂತ್ರಾಂಶವನ್ನು ತಾನೇ ಕಲಿತು, ಆರೂ ಕೋಣೆಗಳ ಉಷ್ಣತೆಯನ್ನು ನಿಮಿಷಕ್ಕೊಮ್ಮೆ ಕಚೇರಿಗೆ ಕಳಿಸುವಂತೆ ಮಾಡಿದಳು. ಅಂದಿನಿಂದ ಒಂದು ಪೆಟ್ಟಿಗೆಯೂ ಕೊಳೆತಿಲ್ಲ. ಇಂಥದ್ದನ್ನು ಗುಜರಿಗೆ ಹಾಕು ಎಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

"ಹೊಸ ಬೀಗದ ತಂತ್ರಾಂಶ ಇದಕ್ಕೆ ಆಗ್ಲೇ ಹಾಕಿದೀನಿ," ಎಂದಳು ಇಟ್ಟೊ. "ಒಂದು ವಾರ ಕೂತು ಮಾಡಿದೀನಿ. ಪ್ರಮಾಣಪತ್ರ ಕೊಡಿ ಸಾಕು."

ಮುನೀರ್ ಹುಬ್ಬೇರಿಸಿದ. "ನೀವೇ ಬರೆದ್ರಾ?"

"ಹೊಲಿದವ್ರು ಯಾರೋ ಪುಣ್ಯಾತ್ಮರು, ಎಲ್ಲರಿಗೂ ಬಿಟ್ಟಿ ಕೊಟ್ಟಿದಾರೆ. ಈ ಮುದುಕಿ ಯಂತ್ರದ ಅಳತೆಗೆ ಕತ್ತರಿಸಿದ್ದು ನಾನು."

"ಸರಿ, ಹನ್ನೆರಡು ಗಂಟೆವರೆಗೂ ಟೈಮು. ಅಷ್ಟರಲ್ಲಿ ಒಳಗೆ ಬಂದ್ರೆ ಬಂತು. ಇಲ್ದಿದ್ರೆ ಗುಜರಿ."

ಮುನೀರ್ ಅಲ್ಲೇ ಕೂತು ಪ್ರಮಾಣಪತ್ರ ತಯಾರಿಸಿ ಚಿಕ್ಕ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತು.

ಇಟ್ಟೊ ಕಾರ್ಡು ತೂರಿಸಿದಳು. 'ಪ್ರಮಾಣಪತ್ರ ಒಪ್ಪಿಗೆಯಿಲ್ಲ' ಎಂದಿತು ಪರದೆ. ಗುಪ್ತಪದ ಮತ್ತೆ ಕುಟ್ಟಿದಳು. ಒಪ್ಪಿಗೆಯಿಲ್ಲ. ವಾರವಿಡೀ ಕಣ್ಣು ಕೀಲಿಸಿ ಮಾಡಿದ ಕೆಲಸವನ್ನೆಲ್ಲ ಮತ್ತೊಮ್ಮೆ ನೋಡಿದಳು, ಎಲ್ಲ ನೆಟ್ಟಗಿತ್ತು. ಆದರೂ ಒಪ್ಪಿಗೆಯಿಲ್ಲ. ನಿಮಿಷಕ್ಕೊಮ್ಮೆ ತಾನೇ ಬಾಗಿಲು ತಟ್ಟುತ್ತಿರು ಎಂದು ಯಂತ್ರಕ್ಕೆ ಹೇಳಿ ಮೇಜಿನ ಮೇಲಿಟ್ಟಳು.

ಹನ್ನೆರಡು ಹೊಡೆಯಿತು. ಮುನೀರ್ ಒಂದು ಗೆರೆ ಎಳೆದು ಪಕ್ಕದಲ್ಲಿ 'ಗುಜರಿ' ಎಂದು ಬರೆದ. ಇಟ್ಟೊಳಿಗೆ ಮುಖಕ್ಕೆ ಹೊಡೆದಂತಾಯಿತು.

ಅಡುಗೆಯ ತೂದಾ ಪುದೀನ ಚಹಾ ತಂದಳು. "ಏನೇ, ನಿನ್ನ ಮಗಳನ್ನ ಗಂಡಿನ ಮನೆಯವ್ರು ಬೇಡ ಅಂದ್ರಂತೆ?"

"ಬಾಯಿ ಮುಚ್ಕೊಂಡು ಚಹಾ ಬಗ್ಗಿಸೇ."

"ಶುಕ್ರವಾರ ಬೇರೆ. ನಮಾಜು ಮುಗಿದದ್ದೇ ಒಲೆಯಿಂದ ಕುಸ್ಕುಸ್ ಊಟ ಇಳಿಸ್ತೀನಿ. ನಿಮ್ಮನೇಲಿ ಊಟ ಯಾವಾಗಿಂದು? ಹಳೇ ಗಂಟೇದೋ, ಹೊಸಾ ಗಂಟೇದೋ?" ಎಂದು ತೂದಾ ನಕ್ಕಳು.

ಅದು ಊರಿಗೇ ಗೊತ್ತಿದ್ದ ಮಾತು. ಸರಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಎಷ್ಟೋ ವರ್ಷವಾಗಿತ್ತು. ಇಟ್ಟೊಳ ತಾಯಿ ಮಾತ್ರ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಅವರ ಮನೆಯಲ್ಲಿ ಊಟ, ನಿದ್ದೆ, ಔಷಧಿ ಎಲ್ಲ ಹಳೇ ಗಂಟೆಗೇ.

ಚಹಾದ ಲೋಟ ಇಟ್ಟೊಳ ತುಟಿಯ ಹತ್ತಿರವೇ ನಿಂತಿತು. ಅವಳು ಯಂತ್ರದ ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತೈದು. ಗೋಡೆ ನೋಡಿದಳು. ಹನ್ನೆರಡು ಇಪ್ಪತ್ತೈದು.

ಕೈ ಕೀಲಿಮಣೆಗೆ ಹೋಯಿತು. ಗಡಿಯಾರ ತಿದ್ದಿದರೆ ಈ ಕ್ಷಣವೇ ಮುಗಿಯುತ್ತದೆ. ಆದರೆ ಹನ್ನೆರಡು ದಾಟಿಯಾಗಿತ್ತು. ಈಗ ತಿದ್ದಿದರೆ ತಡವಾಗಿ ಬಂದವಳು ಎಂಬುದಕ್ಕೆ ತಾನೇ ರುಜು ಹಾಕಿದಂತೆ. ಅವಳು ಕೈ ಹಿಂದಕ್ಕೆಳೆದು, ಚಹಾ ಮುಗಿಸಿ, ತೂದಾಳಿಂದ ಇನ್ನೊಂದು ಲೋಟ ಬಗ್ಗಿಸಿಕೊಂಡಳು.

ಗೋಡೆಯಲ್ಲಿ ಹನ್ನೆರಡು ನಲವತ್ತಾದಾಗ ಯಂತ್ರ ಕಿಣ್ಣೆಂದಿತು. ಕಚೇರಿಯ ದೊಡ್ಡ ಪರದೆಯಲ್ಲಿ ಆರೂ ಕೋಣೆಗಳ ಉಷ್ಣತೆ ಸಾಲಾಗಿ ಮೂಡಿತು. ಮುನೀರ್ ಕುರ್ಚಿಯಿಂದ ಎದ್ದೇಬಿಟ್ಟ.

"ಏನು ಮಾಡಿದ್ರಿ?"

"ಏನೂ ಇಲ್ಲ. ಚಹಾ ಕುಡಿದೆ."

"ಅದು ಹೆಂಗೆ ತಾನಾಗೇ ಒಳಗೆ ಬರುತ್ತೆ?"

"ನಿಮ್ಮ ಪತ್ರ ಹುಟ್ಟಿದ್ದು ಹನ್ನೊಂದು ನಲವತ್ತಕ್ಕೆ. ಇವಳ ಗಡಿಯಾರದಲ್ಲಿ ಆಗಿನ್ನೂ ಹತ್ತು ನಲವತ್ತು. ಇನ್ನೂ ಹುಟ್ಟದೇ ಇರೋ ಪತ್ರಾನ ಇವಳು ಹೇಗೆ ಒಪ್ತಾಳೆ? ಬೀಗ ಅಷ್ಟು ಗಟ್ಟಿ ಹಾಕಿದೀನಿ, ಸ್ವಾಮಿ. ತಪ್ಪು ಬೀಗದ್ದಲ್ಲ, ನಂದು. ಮನೆ ಗಂಟೆ ತಂದು ಇದಕ್ಕೂ ಕಟ್ಟಿದ್ದೆ."

ಮುನೀರ್ ಪರದೆಗೆ ಬಗ್ಗಿ, ಯಂತ್ರ ಬರೆದಿಟ್ಟಿದ್ದ ಸಾಲುಗಳನ್ನು ಒಂದೊಂದಾಗಿ ಓದಿದ. ಮುಖದ ಮೇಲಿದ್ದ ತಮಾಷೆ ಇಳಿದುಹೋಯಿತು. "ಎಲ್ಲಾ ಸರಿಯಾಗಿದೆ. ರಬಾತ್‌ನಲ್ಲೂ ಇಷ್ಟು ಚೊಕ್ಕವಾಗಿ ಮಾಡಿದ್ದು ನೋಡಿಲ್ಲ ನಾನು. ಆದ್ರೆ ಹನ್ನೆರಡು ಅಂತ ಹೇಳಿದ್ದೆ, ಲಲ್ಲಾ..."

ಇಟ್ಟೊ ಯಂತ್ರವನ್ನು ಅವನ ಮೂಗಿನ ಹತ್ತಿರ ಹಿಡಿದಳು. ಹನ್ನೊಂದು ನಲವತ್ತೆರಡು.

"ಯಾರ ಹನ್ನೆರಡು ಅಂತ ಹೇಳ್ಲಿಲ್ಲ ನೀವು. ನಮ್ಮಮ್ಮನ ಹನ್ನೆರಡಕ್ಕೆ ಇನ್ನೂ ಹದಿನೆಂಟು ನಿಮಿಷ ಇದೆ."

ತೂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುನೀರ್ ಕೂಡ ನಗು ತಡೆಯಲಾರದೆ 'ಗುಜರಿ' ಎಂಬುದನ್ನು ಹೊಡೆದುಹಾಕಿದ. ಪಟ್ಟಿಯ ಕೊನೆಯ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಆಯಾ ಯಂತ್ರದ ಬೀಗ ನೋಡಿಕೊಳ್ಳುವ ಜವಾಬ್ದಾರಿ ಯಾರದು ಎಂದು ಅಲ್ಲಿ ಬರೆಯಬೇಕು. ಮೇಲಿನ ಸಾಲುಗಳಲ್ಲೆಲ್ಲ ಕಾಸಾಬ್ಲಾಂಕಾದ, ರಬಾತ್‌ನ ಕಂಪನಿಗಳ ಹೆಸರುಗಳಿದ್ದವು. ಅವನು ಒಂದು ಕ್ಷಣ ಯೋಚಿಸಿ, ಅಕ್ಷರ ದಪ್ಪಗೆ ಬರೆದು, ಹಾಳೆಯನ್ನು ಅವಳತ್ತ ತಿರುಗಿಸಿದ.

"ಏನಂತೆ?" ಎಂದಳು ಓದು ಬಾರದ ತೂದಾ.

"ಇಟ್ಟೊ ಊಬಸ್ಲಾಮ್, ಮಿದೆಲ್ತ್," ಎಂದು ಓದಿದಳು ಇಟ್ಟೊ.

ತೂದಾ ಕೆಟಲು ಕೆಳಗಿಟ್ಟು, ಒದ್ದೆ ಕೈಯನ್ನು ನಿಲುವಂಗಿಗೆ ಒರೆಸಿಕೊಂಡು ಹತ್ತಿರ ಬಂದಳು.

"ಇನ್ನೊಂದ್ಸಲ ಓದೇ. ಗಟ್ಟಿಯಾಗಿ."